ಆ ಹುಡುಗಿ ಮಾಡಿಕೊಟ್ಟ ಸ್ಯಾಂಪಲ್

ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಲೇತ್ ಶೆಡ್ಡು ಇದೆ. ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗಗಳನ್ನು ಮಾಡುತ್ತೇವೆ. ಹಳೆಯ ಪೀಸ್ ತಂದು ಮುಂದಿಟ್ಟು ‘ಇದರ ಹಾಗೇ ಇನ್ನೊಂದು ಮಾಡಿಕೊಡಿ’ ಎನ್ನುವುದು ನಮ್ಮ ಕಸುಬಿನಲ್ಲಿ ದಿನದ ಮಾತು. ಮೊದಲನೆಯದನ್ನು ಯಾರು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ನಾನು ಮಾಡಿದ ತಪ್ಪಿಗೆ ಎಷ್ಟೋ ದಿನ ಇದನ್ನೇ ನೆಪ ಹೇಳಿಕೊಂಡಿದ್ದೆ.

ಹೊರಜಿಲ್ಲೆಯ ಗಿರಾಕಿಗಳು ವೆಬ್‌ಸೈಟ್ ಇದೆಯಾ ಎಂದು ಕೇಳತೊಡಗಿದಾಗ, ಅದನ್ನು ಮಾಡಿಕೊಡುವ ಇಬ್ಬರನ್ನು ವಿಚಾರಿಸಿದೆ. ಒಬ್ಬನದು ಶಿವಮೊಗ್ಗದಲ್ಲಿ ಗಾಜಿನ ಬಾಗಿಲಿನ ಆಫೀಸು. ಇನ್ನೊಬ್ಬಳು ಭದ್ರಾವತಿಯಿಂದ ಬಸ್ಸಿನಲ್ಲಿ ಬಂದ ಹುಡುಗಿ. ಆಗಷ್ಟೇ ಕೋರ್ಸು ಮುಗಿಸಿ ಮನೆಯಿಂದಲೇ ಕೆಲಸ ಶುರು ಮಾಡಿದ್ದಳು.

“ಮೊದ್ಲು ಒಂದು ಸ್ಯಾಂಪಲ್ ತೋರ್ಸಮ್ಮ” ಎಂದೆ.

“ಮಾಡ್ತೀನಿ ಸಾರ್. ಇದೇ ನನ್ನ ಮೊದಲ್ನೇ ಕೆಲ್ಸ. ಇದನ್ನ ತೋರ್ಸಿನೇ ಬೇರೆಯವ್ರ ಹತ್ರ ಹೋಗ್ಬೇಕು.”

ಎರಡು ದಿನ ಶೆಡ್ಡಿನ ಸದ್ದಿನಲ್ಲಿ ನಿಂತು ಫೋಟೊ ತೆಗೆದಳು, ಕೆಲಸಗಾರರನ್ನು ಮಾತಾಡಿಸಿ ಬರೆದುಕೊಂಡಳು. ವಾರದಲ್ಲಿ ಅವಳು ಕಳಿಸಿದ ಪುಟ ನೋಡಿ, ನನ್ನ ಶೆಡ್ಡು ಇಷ್ಟು ಚೆನ್ನಾಗಿದೆಯೇ ಅನ್ನಿಸಿತು. ಆದರೂ ಒಂಟಿ ಹುಡುಗಿ, ನಾಳೆ ಮದುವೆಯಾಗಿ ಹೋದರೆ ಸೈಟ್ ನೋಡಿಕೊಳ್ಳುವವರು ಯಾರು ಎಂದುಕೊಂಡೆ. ಅದೇ ಪುಟವನ್ನು ಆಫೀಸಿನವನಿಗೆ ಕಳಿಸಿ, ಇದರ ಹಾಗೇ ಮಾಡಿ ಎಂದೆ. ಅವನು ಒಂದಕ್ಷರ ಬದಲಿಸಲಿಲ್ಲ. ಅಡಿಯಲ್ಲಿ ತನ್ನ ಹೆಸರು ಹಾಕಿಕೊಂಡ. ಹುಡುಗಿಗೆ ನಾನು ವಿಷಯ ತಿಳಿಸಲಿಲ್ಲ, ದುಡ್ಡೂ ಕೊಡಲಿಲ್ಲ.

ಅಂದಿನಿಂದ ಹೆದರಿಕೆ ಶುರುವಾಯಿತು. ಹುಡುಗಿಯ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಭದ್ರಾವತಿ ಬಸ್ಸು ಗೇಟಿನೆದುರು ನಿಧಾನವಾದರೆ ಎದ್ದು ಶೆಡ್ಡಿನ ಹಿಂಬದಿಗೆ ಹೋಗಿಬಿಡುತ್ತಿದ್ದೆ. ಸುತ್ತಲಿನ ಶೆಡ್ಡಿನವರು ತಮ್ಮಲ್ಲಿ ಜಗಳವಾದರೆ ನ್ಯಾಯ ಹೇಳಲು ನನ್ನನ್ನೇ ಕರೆಯುತ್ತಿದ್ದರು. ಅವಳು ಬಂದು ಅವರೆದುರೇ ಬಾಯಿಬಿಟ್ಟರೆ?

ಅವಳು ನನ್ನ ಬಳಿ ಬರಲಿಲ್ಲ. ಒಂದು ಮಧ್ಯಾಹ್ನ ನಾಲ್ಕು ಶೆಡ್ಡಿನಾಚೆಯ, ಎರಕ ಹೊಯ್ಯುವ ಫೌಂಡ್ರಿಯಿಂದ ನನ್ನ ಗೆಳೆಯ ಫೋನ್ ಮಾಡಿದ. ಫೌಂಡ್ರಿ ಅವನದೇ.

“ಏ ಮಾರಾಯ, ವೆಬ್‌ಸೈಟ್ ಮಾಡ್ಕೊಡ್ತೀನಿ ಅಂತ ಇಲ್ಲೊಬ್ಳು ಹುಡುಗಿ ಬಂದಿದಾಳೆ. ಸ್ಯಾಂಪಲ್ ಅಂತ ನಿನ್ ಸೈಟನ್ನೇ ತೋರಿಸ್ತಿದಾಳಲ್ಲೋ! ಕೇಳಿದ್ರೆ ನಾನೇ ಮಾಡಿದ್ದು ಅಂತಾಳೆ. ಕದ್ದ ಬೀದಿಲೇ ಮಾಲು ಮಾರೋಕೆ ಬಂದಿದಾಳೆ, ಧೈರ್ಯ ನೋಡು. ಸ್ಪೀಕರ್ ಹಾಕಿದೀನಿ, ನೀನೇ ಹೇಳು.”

ಅವಳು ಕೇಳಿಸಿಕೊಳ್ಳುತ್ತಿದ್ದಳು. “ಆಮೇಲೆ ಮಾತಾಡ್ತೀನಿ, ಮೆಷಿನ್ ಓಡ್ತಿದೆ” ಎಂದು ಫೋನ್ ಇಟ್ಟೆ. ಯಾವ ಮೆಷಿನ್ನೂ ಓಡುತ್ತಿರಲಿಲ್ಲ. ಅದು ಊಟದ ಹೊತ್ತು. ಅವಳ ಕೆಲಸ ಕದ್ದದ್ದಕ್ಕಿಂತ ಆ ಒಂದು ಮಾತಿಗೆ ಇವತ್ತಿಗೂ ಹೆಚ್ಚು ನಾಚುತ್ತೇನೆ.

ಕೊನೆಗೆ ಎದ್ದು ರಸ್ತೆಗೆ ಬಂದಾಗ ಅವಳು ಬಸ್ಸಿಗೆ ಕಾಯುತ್ತಿದ್ದಳು. ಮುಖ ಆಚೆ ಕಡೆಗಿತ್ತು, ನನ್ನನ್ನು ನೋಡಿರಲಿಲ್ಲ. ನಾನು ಸದ್ದಿಲ್ಲದೆ ಹಿಂದಿರುಗಬಹುದಿತ್ತು.

“ತಪ್ಪಾಯ್ತಮ್ಮ” ಎಂದೆ.

ಅವಳು ಕಣ್ಣೊರೆಸಿಕೊಂಡಳು. “ನನ್ ಪುಟ ನಿಮಗೆ ಹಿಡಿಸ್ಲಿಲ್ಲ ಅನ್ಕೊಂಡಿದ್ದೆ ಸಾರ್. ಇಷ್ಟು ದಿನ ಹಾಗೇ ಅನ್ಕೊಂಡಿದ್ದೆ. ಈಗ ನನ್ ಹತ್ರ ಹೇಳಿ ಏನ್ ಬಂತು? ಅಲ್ಲಿ ಬಂದು ಹೇಳಿ.”

ಬಸ್ಸು ಬಂತು. ಅವಳು ಹತ್ತಲಿಲ್ಲ.

ಫೌಂಡ್ರಿಯಲ್ಲಿ ಗೆಳೆಯನ ಜೊತೆ ಇನ್ನೂ ಮೂವರು ಶೆಡ್ಡಿನ ಮಾಲೀಕರು ಕೂತಿದ್ದರು. “ಬಾರಪ್ಪ, ಕಳ್ಳೀನ ಹಿಡ್ಕೊಂಡೇ ಬಂದ್ಯಲ್ಲ!” ಎಂದ ಗೆಳೆಯ.

“ಕದ್ದೋನು ನಾನು” ಎಂದೆ.

ತಮಾಷೆ ಇರಬೇಕೆಂದು ಒಬ್ಬ ನಕ್ಕ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮುಗಿಸಿದಾಗ ಯಾರೂ ನಗುತ್ತಿರಲಿಲ್ಲ. ಗೆಳೆಯ ನನ್ನತ್ತ ನೋಡದೆ ಅವಳಿಗೆ ಕುರ್ಚಿ ಎಳೆದ.

“ಕೂತ್ಕೊಳ್ಳಮ್ಮ. ಇನ್ನೊಂದ್ಸಲ ತೋರ್ಸು.”

ನಾಲ್ವರೂ ಅವಳ ಲ್ಯಾಪ್‌ಟಾಪಿನ ಸುತ್ತ ಬಗ್ಗಿದರು. ನನಗೆ ಯಾರೂ ಕೂರು ಎನ್ನಲಿಲ್ಲ. ಸ್ವಲ್ಪ ಹೊತ್ತು ಬಾಗಿಲ ಬಳಿ ನಿಂತಿದ್ದು, ಹೊರಗೆ ಬಂದೆ.