ಕೆಟ್ಟರೆ ಬೈಯಲು ಒಬ್ಬರು ಬೇಕು

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಂಪನಿಯಲ್ಲಿ ಎರಡೇ ಎ.ಸಿ. ಇದ್ದವು. ಒಂದು ಸಾಹೇಬರಿಗೆ, ಇನ್ನೊಂದು ಯುನಿಕ್ಸಿಗೆ. ಬೇಸಿಗೆಯಲ್ಲಿ ಸಾಹೇಬರ ಎ.ಸಿ. ಕೆಟ್ಟರೆ ಅವರು ಫೈಲುಗಳನ್ನು ಹಿಡಿದುಕೊಂಡು ಯುನಿಕ್ಸಿನ ಕೋಣೆಗೆ ಬಂದು ಕೂರುತ್ತಿದ್ದರು. ಯುನಿಕ್ಸಿನ ಎ.ಸಿ. ಕೆಟ್ಟಾಗ ಯುನಿಕ್ಸನ್ನು ಸಾಹೇಬರ ಕೋಣೆಗೆ ಒಯ್ಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ತೊಂಬತ್ತರ ದಶಕದ ನಡುಭಾಗ. ಪುಣೆಯ ಸಾತಾರಾ ರಸ್ತೆಯಲ್ಲಿದ್ದ ಆ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳು ತಯಾರಾಗುತ್ತಿದ್ದವು. ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರು ಕಲಿತು, ಮದುವೆಯಾಗಿ ಕಾತ್ರಜಕ್ಕೆ ಬಂದವಳು. ಕಂಪನಿಯ ಮಾಲೀಕರಾದ ಸಾಹೇಬರ ಅಜ್ಜ ಅಥಣಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಂತೆ. ಹಾಗಾಗಿ ಸಾಹೇಬರು ಉಳಿದವರನ್ನು ಮರಾಠಿಯಲ್ಲೂ ಕಂಪ್ಯೂಟರ್ ವಿಭಾಗದ ನಮ್ಮಿಬ್ಬರನ್ನು ಕನ್ನಡದಲ್ಲೂ ಬೈಯುತ್ತಿದ್ದರು. ಇಬ್ಬರು ಎಂದರೆ ನಾನು ಮತ್ತು ವಿಭಾಗದ ಮುಖ್ಯಸ್ಥರು. ಅವರು ಬೆಳಗಾವಿಯವರು, ನಿವೃತ್ತಿಗೆ ಇನ್ನೂ ಹತ್ತು ವರ್ಷ ಇದ್ದರೂ ಈಗಾಗಲೇ ಅರ್ಧ ನಿವೃತ್ತರಾದವರಂತೆ ಇದ್ದರು.

ಯುನಿಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ. ಆಗ ಅದನ್ನು ದೊಡ್ಡ ಕಂಪನಿಗಳು ತಲೆ ಎಣಿಸಿ ಮಾರುತ್ತಿದ್ದವು. ನಾವು ಕೊಂಡದ್ದು ಹದಿನಾರು ತಲೆಗಳ ಯುನಿಕ್ಸ್. ಗೋದಾಮು, ರವಾನೆ, ಲೆಕ್ಕಪತ್ರ ಎಲ್ಲ ಕಡೆ ಸೇರಿ ಇಪ್ಪತ್ತು ಪರದೆಗಳಿದ್ದವು, ಆದರೆ ಒಮ್ಮೆಗೆ ಒಳಗೆ ಹೋಗಲು ಅನುಮತಿ ಹದಿನಾರು ಜನರಿಗೆ. ಹದಿನೇಳನೆಯವರು ಬಂದರೆ ಯಂತ್ರ ಬಾಗಿಲು ತೆರೆಯುತ್ತಿರಲಿಲ್ಲ. ಒಂದೇ ಬಚ್ಚಲಿರುವ ಚಾಳಿನಲ್ಲಿ ಇದ್ದಂತೆ ನಾನು ದಿನವಿಡೀ ಫೋನು ಮಾಡುತ್ತಿದ್ದೆ: ನೀವು ಸ್ವಲ್ಪ ಹೊರಗೆ ಬನ್ನಿ, ಅಕೌಂಟ್ಸಿನವರು ಕಾಯುತ್ತಿದ್ದಾರೆ.

ಪರವಾನಗಿಯ ಪ್ರಮಾಣಪತ್ರಕ್ಕೆ ಮುಖ್ಯಸ್ಥರು ಕಟ್ಟು ಹಾಕಿಸಿ, ಗಣಪತಿಯ ಪಕ್ಕದಲ್ಲಿ ತೂಗುಹಾಕಿದ್ದರು. ಯುನಿಕ್ಸಿನ ಜೊತೆ ಬಂದ ಕೈಪಿಡಿಗಳು ಗಾಜಿನ ಕಪಾಟಿನಲ್ಲಿದ್ದವು, ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ಓದಲು ಒಂದನ್ನಾದರೂ ಕೊಡಿ ಎಂದು ಕೇಳಿದೆ.

"ಬ್ಯಾಡ್ರಿ ಬಾಯಾರ," ಎಂದರು. "ಓದಿದ್ರ ಹಾಳಾಗ್ತಾವ. ಏನರ ಬೇಕಾದ್ರ ಮುಂಬೈಗೆ ಫೋನ್ ಹಚ್ಚೂಣು. ಅದಕ್ಕಾ ರೊಕ್ಕ ಕೊಟ್ಟೇವಿ."

ಯುನಿಕ್ಸ್ ಮಾರಿದವರ ಮುಂಬೈ ಕಚೇರಿಗೆ ಫೋನು ಹಚ್ಚಿದರೆ, ನಿಮ್ಮ ದೂರನ್ನು ಬರೆದುಕೊಂಡಿದ್ದೇವೆ ಎಂದು ಒಬ್ಬ ಹೆಣ್ಣುಮಗಳು ಮಧುರವಾಗಿ ಹೇಳುತ್ತಿದ್ದಳು. ನಾನಿದ್ದಷ್ಟು ವರ್ಷವೂ ಬರೆದುಕೊಳ್ಳುವ ಕೆಲಸದಲ್ಲಿ ಅವರು ಒಮ್ಮೆಯೂ ತಪ್ಪಲಿಲ್ಲ.

ಕೈಪಿಡಿ ಸಿಗದ ಸಿಟ್ಟಿಗೆ ನಾನು ಅಪ್ಪಾ ಬಳವಂತ ಚೌಕದಲ್ಲಿ ಒಂದು ಕಂಪ್ಯೂಟರ್ ಮಾಸಪತ್ರಿಕೆ ಕೊಂಡೆ. ಅದಕ್ಕೆ ಒಂದು ಸಿ.ಡಿ. ಅಂಟಿಸಿದ್ದರು. ಸಿ.ಡಿ.ಯಲ್ಲಿ ಲಿನಕ್ಸ್ ಇತ್ತು. ಯುನಿಕ್ಸಿನ ನಡೆನುಡಿಯದೇ, ಆದರೆ ಜಗತ್ತಿನ ಯಾರ್‍ಯಾರೋ ಸೇರಿ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟದ್ದು. ತಲೆ ಎಣಿಸುವುದಿಲ್ಲ, ಒಳಗೇನಿದೆಯೆಂದು ಬಿಚ್ಚಿ ನೋಡಿದರೆ ಬೇಡ ಎನ್ನುವುದಿಲ್ಲ. ಅಕೌಂಟ್ಸಿನವರು ಎಸೆಯಲೆಂದು ಇಟ್ಟಿದ್ದ ಹಳೆಯ ಪಿ.ಸಿ.ಯೊಂದನ್ನು ಬೇಡಿ ತಂದು, ನನ್ನ ಮೇಜಿನ ಕೆಳಗಿಟ್ಟುಕೊಂಡು ಅದರಲ್ಲಿ ಹಾಕಿದೆ. ಊಟದ ಬಿಡುವಿನಲ್ಲಿ ಎಡಗೈಯಿಂದ ಕೀಲಿ ಒತ್ತುತ್ತ, ಬಲಗೈಯಿಂದ ರೊಟ್ಟಿ ತಿನ್ನುತ್ತ ಕಲಿತೆ. ಯಾರೂ ನನಗೆ ಇಷ್ಟೊಂದು ವಿಷಯವನ್ನು ಏನೂ ಕೇಳದೆ ಕೊಟ್ಟಿರಲಿಲ್ಲ.

ಮುಖ್ಯಸ್ಥರು ಒಂದು ದಿನ ಬಗ್ಗಿ ನೋಡಿದರು.

"ಫುಕಟ್ ಬಂದದ್ದೇನಿದು?"

"ಹೌದು ಸರ್. ಆದ್ರ ಭಾಳ ಛಲೋ ನಡೀತದ."

"ನಡೀತದ ಸರಿ. ಕೆಟ್ರ ಯಾರನ್ನ ಬೈಬೇಕು?"

ಆ ಕಾಲದಲ್ಲಿ ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ದೊಡ್ಡ ದೊಡ್ಡ ಸಭೆಗಳಲ್ಲಿ ಟೈ ಕಟ್ಟಿದವರು ಇದನ್ನೇ ಇಂಗ್ಲಿಷಿನಲ್ಲಿ ಕೇಳಿ ಗೆಲ್ಲುತ್ತಿದ್ದರು. ನಾವು ಮುಂಬೈಯವರನ್ನು ಬೈದು ಒಂದು ಸಲವಾದರೂ ಏನಾದರೂ ಸರಿಮಾಡಿಸಿಕೊಂಡಿದ್ದೇವೆಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಕೆಲವು ವರ್ಷಗಳಲ್ಲಿ ಯುನಿಕ್ಸಿಗೆ ಹೊಸ ಯಂತ್ರ ಬಂತು. ಆಳೆತ್ತರದ್ದಲ್ಲದಿದ್ದರೂ ಸೊಂಟದೆತ್ತರದ್ದು, ಮುಂಭಾಗದಲ್ಲಿ ಗಾಳಿ ಎಳೆದುಕೊಳ್ಳುವ ಜಾಲರಿ. ಅದು ಬಂದ ವಾರವೇ ಸೋಮವತಿ ಅಮಾವಾಸ್ಯೆ. ಸಾಹೇಬರ ಮನೆದೇವರು ಜೇಜುರಿಯ ಖಂಡೋಬಾ. ಅವರು ಜೇಜುರಿಗೆ ಹೋದವರು ಅಲ್ಲಿಂದ ನೇರ ಕಾರ್ಖಾನೆಗೇ ಬಂದರು, ಹಣೆ ತುಂಬ ಅರಿಶಿನ, ಕೈಯಲ್ಲಿ ಭಂಡಾರದ ಚೀಲ. ದೇವರ ಆ ಅರಿಶಿನಪುಡಿಯನ್ನು ಮೊದಲು ಗೇಟಿಗೆ ಎರಚಿದರು, ಆಮೇಲೆ ಲೇಥುಗಳಿಗೆ, ಆಮೇಲೆ ಯುನಿಕ್ಸಿನ ಕೋಣೆಗೆ ಬಂದರು. ಮುಖ್ಯಸ್ಥರು ಕೈಮುಗಿದು ಪಕ್ಕಕ್ಕೆ ಸರಿದರು.

"ಯಳಕೋಟ ಯಳಕೋಟ, ಜಯ ಮಲ್ಹಾರ!" ಎಂದು ಸಾಹೇಬರು ಒಂದು ಹಿಡಿ ಭಂಡಾರವನ್ನು ಯಂತ್ರದ ಮುಖಕ್ಕೆ ಎರಚಿದರು. ಪುಡಿ ಗಾಳಿಯಲ್ಲಿ ಒಂದು ಕ್ಷಣ ನಿಂತು, ಸುಳಿಯಾಗಿ ತಿರುಗಿ, ಜಾಲರಿಯೊಳಗೆ ಸರ್ರನೆ ಹೋಯಿತು. ಸಾಹೇಬರಿಗೆ ಕಣ್ಣು ತುಂಬಿ ಬಂತು.

"ನೋಡ್ರಿ, ಹೆಂಗ ಎಳಕೊಳ್ತದ! ದೇವರು ಒಪ್ಪಿಕೊಂಡ." ಎಂದು ಇನ್ನೆರಡು ಹಿಡಿ ಎರಚಿದರು.

ಒಳಗೆ ಫ್ಯಾನ್ ಇದೆ ಸಾಹೇಬರೇ ಎಂದು ನಾನು ಬಾಯಿ ತೆರೆದೆ. ಮುಖ್ಯಸ್ಥರು ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ.

ಎರಡು ವಾರ ಎಲ್ಲ ಸರಿ ಇತ್ತು. ಮಳೆಯ ತೇವಕ್ಕೆ ಆ ಪುಡಿ ಒಳಗೆ ಅಂಟಾಗುತ್ತಿತ್ತು ಎಂಬುದು ಆಮೇಲೆ ತಿಳಿದದ್ದು. ಒಂದು ದಿನ ಮಧ್ಯಾಹ್ನ, ರವಾನೆ ವಿಭಾಗದ ಎದುರು ಮೂರು ಲಾರಿಗಳು ಪಂಪು ತುಂಬಿಕೊಂಡು, ಸರಕಿನ ಜೊತೆ ಹೋಗಬೇಕಾದ ಚಲನಿಗಾಗಿ ನಿಂತಿದ್ದಾಗ, ಇಪ್ಪತ್ತೂ ಪರದೆಗಳು ಒಟ್ಟಿಗೆ ಸತ್ತವು.

ಮರುದಿನ ಮುಂಬೈಯಿಂದ ಒಬ್ಬ ಇಂಜಿನಿಯರ್ ಬಂದ. ಯುವಕ, ನೀಲಿ ಟೈ. ಯಂತ್ರದ ಮುಚ್ಚಳ ಬಿಚ್ಚಿದವನೇ ಹಿಂದೆ ಸರಿದ. ಫ್ಯಾನು ಜಾಮಾಗಿ ನಿಂತಿತ್ತು, ಬೋರ್ಡು ಸುಟ್ಟಿತ್ತು, ಒಳಗಿದ್ದದ್ದೆಲ್ಲ ಮದುಮಗಳಂತೆ ಹಳದಿಯಾಗಿತ್ತು.

"ಇದೇನಿದು?" ಎಂದು ಹಿಂದಿಯಲ್ಲಿ ಕೇಳಿದ.

"ಧೂಳು," ಎಂದರು ಮುಖ್ಯಸ್ಥರು, ಅವರೂ ಹಿಂದಿಯಲ್ಲಿ.

"ಪುಣೆಯ ಧೂಳು ಹಳದಿ ಇರುತ್ತದೆಯೇ?"

"ಕಾತ್ರಜ ಘಾಟಿನದು ಹಾಗೇ ಇರುತ್ತದೆ."

ಇಂಜಿನಿಯರ್ ಬೆರಳಿಗೆ ಹಚ್ಚಿಕೊಂಡು ಮೂಸಿದ. ಅವನ ಮನೆಯಲ್ಲೂ ಅಡುಗೆ ಮಾಡುತ್ತಿದ್ದರಲ್ಲವೇ, ಗುರುತಿಸಿದ. ಆದರೂ ವರದಿಯಲ್ಲಿ "ಹೊರಗಿನ ಹಳದಿ ಕಣಗಳು" ಎಂದು ಬರೆದು, ಇದು ವಾರಂಟಿಯಲ್ಲಿ ಬರುವುದಿಲ್ಲ ಎಂದ. ದೇವರ ಪ್ರಸಾದಕ್ಕೆ ವಾರಂಟಿ ಎಲ್ಲಿಯದು? ಸಾಹೇಬರ ಮುಂದೆ ಈ ಮಾತು ಎತ್ತುವುದು ಬೇಡವೆಂದು ಮುಖ್ಯಸ್ಥರು ಹೊಸ ಬೋರ್ಡು ತರಿಸಿ ಹಾಕಿಸಿದರು.

ಯಂತ್ರ ಎದ್ದಿತು. ಯುನಿಕ್ಸ್ ಪೂರ್ತಿ ಏಳಲಿಲ್ಲ. ಬೋರ್ಡು ಬದಲಾದದ್ದನ್ನು ಕಂಡು, ಇದು ನಾನು ಮದುವೆಯಾದ ಯಂತ್ರವಲ್ಲ ಎಂದು ಪಟ್ಟುಹಿಡಿಯಿತು. ಹೊಸ ಗುಪ್ತಸಂಖ್ಯೆ ಬರುವ ತನಕ ಹದಿನಾರರ ಬದಲು ಇಬ್ಬರನ್ನು ಮಾತ್ರ ಒಳಗೆ ಬಿಡುವೆ ಎಂದಿತು. ಗುಪ್ತಸಂಖ್ಯೆ ವಿದೇಶದ ಮುಖ್ಯ ಕಚೇರಿಯಿಂದ ಬರಬೇಕು. ಅದಕ್ಕೆ ಅರ್ಜಿ ಫ್ಯಾಕ್ಸ್ ಮಾಡಬೇಕು. ಅರ್ಜಿಯ ಜೊತೆ, ಪರವಾನಗಿ ಕೊಂಡವರು ನಾವೇ ಎನ್ನುವುದಕ್ಕೆ ಪುರಾವೆ ಬೇಕು. ಮುಖ್ಯಸ್ಥರು ಗಣಪತಿಯ ಪಕ್ಕದ ಕಟ್ಟನ್ನು ಇಳಿಸುವಾಗ ಗಾಜು ಒಡೆಯಿತು.

ಇಡೀ ಕಾರ್ಖಾನೆಗೆ ಎರಡು ಜಾಗ. ಅದರಲ್ಲಿ ಒಂದನ್ನು ಸಾಹೇಬರು ತಮಗಿರಲಿ ಎಂದರು. ಅವರು ಅದರಲ್ಲಿ ಮಾಡುತ್ತಿದ್ದದ್ದು ಬೆಳಿಗ್ಗೆ ದಾಸ್ತಾನಿನ ಪರದೆ ತೆರೆದಿಟ್ಟು ಚಹಾ ಕುಡಿಯುವುದು. ಉಳಿದ ಒಂದಕ್ಕೆ ಗೋದಾಮಿನವರೂ ರವಾನೆಯವರೂ ಹೊಡೆದಾಡಿದರು. ಲಾರಿಗಳ ಸಾಲು ಗೇಟಿನ ಹೊರಗೆ ಬಂತು. ರವಾನೆಯ ಮುಖ್ಯಸ್ಥರಾದ ಮಾಮಾ, ಎಲ್ಲರೂ ಹಾಗೇ ಕರೆಯುತ್ತಿದ್ದ ಮರಾಠಿ ಹಿರಿಯರು, ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಚಲನು ಬರೆಯತೊಡಗಿದರು. ಗಂಟೆಗೆ ನಾಲ್ಕು ಚಲನೂ ಮುಗಿಯದ್ದನ್ನು ನೋಡಿ ನಾನು ನಮ್ಮ ಮುಖ್ಯಸ್ಥರ ಬಳಿ ಹೋದೆ.

"ಸರ್, ನನ್ನ ಹಳೇ ಪಿ.ಸಿ.ದಾಗ ನಮ್ಮ ಪ್ರೋಗ್ರಾಮ್ ಓಡಸಬಹುದು. ಈ ಯುನಿಕ್ಸಿನವನ್ನ ಹಂಗಾ ಓಡಸೋ ಉಪಾಯ ಲಿನಕ್ಸಿನಾಗ ಅದ."

ಅವರು ಒಡೆದ ಗಾಜಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿ ಬುಟ್ಟಿಗೆ ಹಾಕಿದರು. "ಮಾಡ್ರಿ," ಎಂದರು. "ನಾ ಏನೂ ನೋಡಿಲ್ಲ." ನಿಜವಾಗಿಯೂ ನೋಡಬಾರದೆಂದು ಎರಡು ದಿನ ರಜೆ ಹಾಕಿ ಬೆಳಗಾವಿಗೆ ಹೋದರು.

ಶುಕ್ರವಾರ ಶುಕ್ರವಾರ ನಾನು ಟೇಪಿನಲ್ಲಿ ಎಲ್ಲವನ್ನೂ ನಕಲು ಮಾಡಿಡುತ್ತಿದ್ದೆ, ಆದರೆ ಆ ಟೇಪಿನಿಂದ ಏನಾದರೂ ವಾಪಸು ಬರುತ್ತದೆಯೇ ಎಂದು ಯಾವತ್ತೂ ನೋಡಿರಲಿಲ್ಲ. ಟೇಪು ತಿರುಗುತ್ತಿದ್ದ ಆ ಗಂಟೆ ನಾನೂ ಖಂಡೋಬಾನನ್ನು ನೆನೆದೆ. ಬಂತು, ಎಲ್ಲವೂ ಬಂತು. ಎಲ್ಲ ಪರದೆಗಳ ತಂತಿಗಳು ಬಂದು ಸೇರುವ ಕಾರ್ಡನ್ನು ದೊಡ್ಡ ಯಂತ್ರದಿಂದ ಬಿಚ್ಚಿ ಹಳೆಯದಕ್ಕೆ ಹಾಕಿದೆ. ಪರದೆಗಳು ಒಂದೊಂದಾಗಿ ಬೆಳಗಿದವು. ಮೊದಲ ಚಲನು ಮಾತ್ರ ಪ್ರಿಂಟರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಹೊರಬಂತು. ಪ್ರತಿ ಸಾಲೂ ಹಿಂದಿನದು ಮುಗಿದಲ್ಲಿಂದ ಶುರುವಾಗಿ ಕಾಗದದ ಬಲಗಡೆ ಬಿದ್ದುಹೋಗುತ್ತಿತ್ತು. ಅದನ್ನು ಸರಿಪಡಿಸುವ ಬಗೆ ಸಿ.ಡಿ.ಯೊಳಗಿನ ಬರಹವೊಂದರಲ್ಲೇ ಇತ್ತು. ಎರಡನೆಯ ದಿನ ಮಧ್ಯಾಹ್ನ ಮಾಮಾ ಒಂದು ಚಲನನ್ನು ಬೆಳಕಿಗೆ ಹಿಡಿದು ನೋಡಿದರು.

"ಆಲಾ ನಾ? ಬಸ್," ಎಂದರು. ಬಂತಲ್ಲ, ಸಾಕು. ನನ್ನ ಇಪ್ಪತ್ತೈದು ವರ್ಷದ ವೃತ್ತಿಯಲ್ಲಿ ಯಾವುದೇ ವ್ಯವಸ್ಥೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಮುಖ್ಯಸ್ಥರು ವಾಪಸು ಬಂದು ಸಾಹೇಬರಿಗೆ ಹೇಳಿದ್ದು, "ಯುನಿಕ್ಸ್ ರಿಪೇರಿ ಆತ್ರಿ." ಒಂದೂವರೆ ತಿಂಗಳಿಗೆ ಗುಪ್ತಸಂಖ್ಯೆ ಬಂತು. ಆ ಹೊತ್ತಿಗೆ ಇಪ್ಪತ್ತು ಜನರೂ ಒಟ್ಟಿಗೆ ಕೆಲಸ ಮಾಡುವ ರೂಢಿಯಾಗಿತ್ತು, ಹದಿನಾರಕ್ಕೆ ಇಳಿಯಲು ಯಾರೂ ತಯಾರಿರಲಿಲ್ಲ. ದೊಡ್ಡ ಯಂತ್ರವನ್ನು ಮುಖ್ಯಸ್ಥರು ಎ.ಸಿ. ಕೋಣೆಯಲ್ಲೇ ಉಳಿಸಿದರು. ಅದು ಯಾವ ಕೆಲಸವನ್ನೂ ಮಾಡದೆ ದೀಪ ಮಿನುಗಿಸುತ್ತ ತಣ್ಣಗೆ ಕೂತಿತ್ತು. ಸಾಹೇಬರು ಜರ್ಮನಿಯಿಂದ ಬಂದ ಅತಿಥಿಗಳನ್ನು ಕರೆತಂದು ಅದನ್ನೇ ತೋರಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ, ನನ್ನ ಚಪ್ಪಲಿಯ ಬಳಿ, ಹಳೆಯ ಪಿ.ಸಿ. ಕಂಪನಿಯನ್ನು ನಡೆಸುತ್ತಿತ್ತು.

ನಾಲ್ಕು ವರ್ಷ ಹೀಗೇ ನಡೆಯಿತು. ಹೊಸ ಶತಮಾನ ಬಂದಿತ್ತು. ಒಂದು ದಿನ ಅದೇ ಇಂಜಿನಿಯರ್ ಬಂದ. ಕಂಪನಿ ಬೇರೆ, ಟೈ ಕೆಂಪು, ಜೊತೆಗೆ ಪ್ರೊಜೆಕ್ಟರ್. ಗೋಡೆಯ ಮೇಲೆ ಬೆಳಕು ಬಿಟ್ಟು, ಯುನಿಕ್ಸಿನ ಕಾಲ ಮುಗಿಯಿತು, ಇನ್ನು ವ್ಯಾಪಾರಕ್ಕೆಲ್ಲ ಲಿನಕ್ಸೇ ಎಂದು ಒಂದು ಗಂಟೆ ಹೇಳಿದ. ಕೊನೆಗೆ ಒಂದು ಹೊಳೆಯುವ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಒಳಗೆ ಸಿ.ಡಿ.ಗಳು, ಕೈಪಿಡಿ, ಮತ್ತು ವರ್ಷ ವರ್ಷ ಶುಲ್ಕ ಕಟ್ಟಿದರೆ ಫೋನಿನಲ್ಲಿ ಸಹಾಯ.

"ಭಾರಿ ಹೊಸಾದ್ದು ಬಂದದ," ಎಂದರು ಸಾಹೇಬರು ಮುಖ್ಯಸ್ಥರ ಕಡೆ ತಿರುಗಿ.

ನನ್ನ ನೌಕರಿ ಆಗ ಖಾಯಂ ಆಗಿತ್ತು. "ಸಾಹೇಬ್ರ, ನಮ್ಮಲ್ಲೆ ನಾಕು ವರ್ಷದಿಂದ ಇದಾ ಫುಕಟ್ ನಡೀಲಿಕ್ಕತ್ತದ," ಎಂದೆ.

ಮುಖ್ಯಸ್ಥರು ಛಾವಣಿ ನೋಡಿದರು. ಸಾಹೇಬರು ಎದ್ದು ಬಂದು ನನ್ನ ಮೇಜಿನ ಕೆಳಗೆ ಬಗ್ಗಿದರು. ಪಿ.ಸಿ.ಯ ಮೇಲೆ ನನ್ನ ಊಟದ ಡಬ್ಬಿ ಇತ್ತು.

"ಇದರ ಮ್ಯಾಲೆ ನಡದದಾ ನನ್ನ ಕಂಪನಿ?"

"ಹೌದ್ರಿ."

"ಎಷ್ಟ್ ಸಲ ಬಂದ್ ಬಿತ್ತು?"

"ಬಿದ್ದಿಲ್ರಿ. ಕರೆಂಟ್ ಹೋದಾಗ ಅಷ್ಟ."

ಇದನ್ನು ಕೇಳಿ ಅವರು ಸಂತೋಷಪಡುತ್ತಾರೆಂದು ನಾನು ಅಂದುಕೊಂಡೆ. ಅವರ ಮುಖ ಕಪ್ಪಾಯಿತು.

"ಅಂದ್ರ ಇಷ್ಟು ದಿನ ನಾ ಫುಕಟ್ ಸಾಮಾನದ ಮ್ಯಾಲೆ ಧಂದೆ ಮಾಡೀನೇನವಾ? ಜರ್ಮನಿಯವರಿಗೆ ಗೊತ್ತಾದ್ರ ಏನಂದಾರು?"

ಅಂದೇ ಡಬ್ಬಿಯನ್ನು ಕೊಂಡರು. ಡಬ್ಬಿಯಲ್ಲಿದ್ದದ್ದು ನನ್ನ ಮಾಸಪತ್ರಿಕೆಯ ಸಿ.ಡಿ.ಯಲ್ಲಿದ್ದದ್ದೇ, ನಾಲ್ಕು ವರ್ಷ ಹೊಸದು. ಮುಖ್ಯಸ್ಥರಿಗೆ ಬೈಯಲು ಒಬ್ಬರು ಸಿಕ್ಕರು, ಅವರ ಮುಖದಲ್ಲಿ ಎಷ್ಟೋ ಕಾಲದ ನಂತರ ನೆಮ್ಮದಿ ಕಂಡೆ.

ನನ್ನನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಕಲಿಸುವವನು ಅದೇ ಇಂಜಿನಿಯರ್. ಎರಡನೆಯ ದಿನ ಅವನ ಪ್ರಿಂಟರು ಮೆಟ್ಟಿಲು ಮೆಟ್ಟಿಲಾಗಿ ಮುದ್ರಿಸಿತು. ಅವನು ಬೆವರುತ್ತಿದ್ದಾಗ ನಾನು ಹೋಗಿ ಒಂದು ಸಾಲು ಬರೆದು ಸರಿಪಡಿಸಿದೆ. ಅದನ್ನು ಡೈರಿಯಲ್ಲಿ ಬರೆದುಕೊಂಡ. ಮುಂದಿನ ತಂಡಕ್ಕೆ ಅದನ್ನು ಅರ್ಧ ದಿನದ ಪಾಠ ಮಾಡಿದನೆಂದು ಕೇಳಿದೆ. ನನಗೆ ಪ್ರಮಾಣಪತ್ರವೂ ಸಂಬಳದ ಏರಿಕೆಯೂ ಬಂದವು. ಎರಡನ್ನೂ ಬೇಡ ಎನ್ನಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಕೊಂಢವಾದಲ್ಲಿ ಬಾಗಿಲು-ಕಿಟಕಿಯ ಚೌಕಟ್ಟು ಮಾಡುವ ಸಣ್ಣ ವರ್ಕ್‌ಶಾಪಿನವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ವಿಜಾಪುರದ ಕಡೆಯವರು. ಅವರಿಗೂ ಲೆಕ್ಕಕ್ಕೆ ಕಂಪ್ಯೂಟರು ಬೇಕಿತ್ತು. ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ.

"ಎಷ್ಟಾಗ್ತದ್ರಿ ಬಾಯಾರ?"

"ಏನೂ ಇಲ್ರಿ. ಭಾನುವಾರ ಬಂದು ಹಾಕಿಕೊಡ್ತೀನಿ."

ಅವರು ನನ್ನನ್ನು ಅನುಮಾನದಿಂದ ನೋಡಿ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೋದರು. ಮತ್ತೆ ಬರಲಿಲ್ಲ. ಮರುತಿಂಗಳು ಇನ್ನೊಬ್ಬರು ಬಂದು ಅದನ್ನೇ ಕೇಳಿದರು. ಈ ಸಲ ನಾನು ಬಾಯಿಗೆ ಬಂದ ಒಂದು ಮೊತ್ತ ಹೇಳಿದೆ. ಅವರು ಕುರ್ಚಿಯಲ್ಲಿ ಸರಿಯಾಗಿ ಕೂತು, ಸ್ವಲ್ಪ ಕಮ್ಮಿ ಮಾಡ್ರಿ ಎಂದರು. ನಾನು ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಅವರೇ ರಿಕ್ಷಾ ಕಳಿಸಿದರು.