ಮಂಗ ಸತ್ತ ಜಾಗಗಳ ನಕ್ಷೆ

ಹೋದ ತಿಂಗಳು ಹೊಸನಗರ ತಾಲೂಕಿನ ಒಂದು ಹಳ್ಳಿಗೆ ವರದಿಗೆಂದು ಹೋದಾಗ ಅಲ್ಲಿನ ಆಶಾ ಕಾರ್ಯಕರ್ತೆ ನನ್ನ ಕೈಗೆ ಒಂದು ಸಣ್ಣ ಬಾಟಲಿ ಕೊಟ್ಟರು. ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ಬೇಸಿಗೆಗೆ ಮುಂಚೆ ಸಾಗರ, ಹೊಸನಗರ ಸೇರಿ ನಮ್ಮ ಕಡೆಯ ಮೂರು ತಾಲೂಕುಗಳ ಕಾಡಂಚಿನ ಮನೆಗಳಿಗೆಲ್ಲ ಇದನ್ನು ಹಂಚುತ್ತಾರೆ. ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದ ಕೂಡಲೇ ಸಾಗರದ ನಮ್ಮ ಓಣಿ, ಪಕ್ಕದ ಮನೆಯ ಗೇಟು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿಕೊಂಡು ಬಸ್ಸಿಗೆ ಹೊರಟು ನಿಂತ ಒಬ್ಬ ಹುಡುಗಿ…

ಪಕ್ಕದ ಮನೆಯ ಟೈಲರ್ ಅವರ ಮಗಳು ಆಕೆ. ಎಂಜಿನಿಯರಿಂಗ್ ಕೊನೆಯ ವರ್ಷ, ಕಂಪ್ಯೂಟರ್ ಸೈನ್ಸ್. ಕೊನೆಯ ವರ್ಷದವರು ಪ್ರಾಜೆಕ್ಟ್ ಮಾಡಿ ಒಪ್ಪಿಸಬೇಕು. ಸಹಪಾಠಿಗಳಲ್ಲಿ ಹಲವರು ಸಿದ್ಧ ಪ್ರಾಜೆಕ್ಟ್ ಕೊಂಡು ತಂದರು. ಕೋಡ್, ವರದಿ, ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ, ಎಲ್ಲವೂ ಒಂದೇ ಪೆನ್‌ಡ್ರೈವಿನಲ್ಲಿ ಬರುತ್ತಿತ್ತು. ಈಕೆ ಕೊಳ್ಳಲಿಲ್ಲ. ಚಿಕ್ಕಂದಿನಲ್ಲಿ ತಾಯಿ ಮಂಗನ ಕಾಯಿಲೆಯಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದನ್ನು ಕಂಡವಳು. ಪ್ರಾಜೆಕ್ಟೂ ಅದರ ಮೇಲೆಯೇ ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದಳು.

ಆ ಕಾಯಿಲೆಯನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ನೆಲಕ್ಕೆ ಉದುರುತ್ತವೆ. ಆ ಜಾಗದಲ್ಲಿ ಓಡಾಡಿದವರನ್ನು ಕಚ್ಚಿದರೆ ಜ್ವರ ಬರುತ್ತದೆ. ಹಾಗೆ ಮಂಗ ಸತ್ತ ಜಾಗಗಳನ್ನು ಮೊಬೈಲಿನ ನಕ್ಷೆಯಲ್ಲಿ ಕೆಂಪಾಗಿ ತೋರಿಸುವುದು ಆಕೆಯ ಪ್ರಾಜೆಕ್ಟ್. ಸುಳ್ಳು ಗುರುತು ಬೀಳಬಾರದೆಂದು ಒಂದು ಕಟ್ಟುಪಾಡು ಇಟ್ಟಿದ್ದಳು. ಆ ಜಾಗಕ್ಕೇ ಹೋಗಿ ನಿಂತು ಒತ್ತಿದರೆ ಮಾತ್ರ ಫೋನು ಗುರುತನ್ನು ಒಪ್ಪುತ್ತಿತ್ತು.

ಮಾಹಿತಿ ಇಲ್ಲದ ಊರುಗಳನ್ನು ಮೊದಲು ಬಿಳಿಯಾಗಿಯೇ ಬಿಟ್ಟಿದ್ದಳು. ಅದು ಪ್ರಾಜೆಕ್ಟ್ ಗೈಡ್ ಆಗಿದ್ದ ಮೇಷ್ಟ್ರಿಗೆ ಹಿಡಿಸಲಿಲ್ಲ. ಅರ್ಧ ನಕ್ಷೆ ಬೆಳ್ಳಗಿದ್ದರೆ ಕೆಲಸವೇ ಆಗಿಲ್ಲ ಅನ್ನುತ್ತಾರೆ, ಕೆಂಪಿಲ್ಲದ ಕಡೆಯೆಲ್ಲ ಹಸಿರು ಹಾಕು ಎಂದರಂತೆ. ಹಾಕಿದಳು. ಕಾಂಪೌಂಡ್ ಗೋಡೆಯ ಮೇಲಿಂದ ಫೋನು ಚಾಚಿ, "ನೋಡಕ್ಕೂ ಈಗ ಚೆನ್ನಾಗಿದೆ ಅಲ್ವಾ ಅಂಕಲ್?" ಎಂದು ಕೇಳಿದಳು. ಚೆನ್ನಾಗಿಯೇ ಇತ್ತು. ಮೂರೂ ತಾಲೂಕುಗಳು ಹಸಿರಾಗಿ ಹೊಳೆಯುತ್ತಿದ್ದವು, ಅಲ್ಲಲ್ಲಿ ಕೆಂಪು ಬೊಟ್ಟು.

ಪತ್ರಿಕೆಗೆ ಬರೆಯಲು ಆಗುತ್ತದೆಂದು ಒಂದು ಭಾನುವಾರ ನಾನೇ ಆಕೆಯನ್ನು ಬೈಕಿನಲ್ಲಿ ಕರೆದುಕೊಂಡು ಹೊರಟೆ. ಊರಿನ ಹೆಸರು ಇಲ್ಲಿ ಬೇಡ. ದರಕು ಗುಡಿಸುವ ಕಾಲ ಅದು. ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದು ಅಲ್ಲಿನ ಹೆಂಗಸರ ಕೆಲಸ. ಊರಿನ ಮೊದಲ ಮನೆಯ ಯಜಮಾನತಿ ಅಂಗಳದಲ್ಲೇ ಸಿಕ್ಕಿದರು. ಹುಡುಗಿ ಅವರನ್ನು ಚಿಕ್ಕಮ್ಮ ಎನ್ನುತ್ತಿದ್ದಳು. ಮುಂಚೆಯೂ ಅಲ್ಲಿಗೆ ಹೋಗಿ ಬಂದಿದ್ದಳು.

"ಬಂದ್ಲಪ್ಪ ಮಂಗನ ಮೇಡಂ. ಮನುಷ್ಯರು ಬದ್ಕಿದಾರಾ ಅಂತ ಕೇಳಕ್ಕೆ ಯಾರೂ ಬರಲ್ಲ. ಮಂಗ ಸತ್ತಿದ್ಯಾ ಅಂತ ಕೇಳಕ್ಕೆ ಬೈಕಲ್ಲಿ ಬರ್ತಾರೆ."

"ನಿಮ್ಮನ್ನ ನೋಡಕ್ಕೇ ಬಂದಿದ್ದು ಚಿಕ್ಕಮ್ಮ. ಮಂಗ ಬರೀ ನೆಪ."

"ಹೌದೌದು. ನನ್ ಮುಖಕ್ಕೂ ಅದ್ರ ಮುಖಕ್ಕೂ ಎಂತ ವ್ಯತ್ಯಾಸ ಹೇಳು."

ಮಜ್ಜಿಗೆ ಕುಡಿದು ಆದ ಮೇಲೆ ಹುಡುಗಿ ತನ್ನ ಪ್ರಶ್ನೆ ಕೇಳಿದಳು. ಈ ಕಡೆ ಎಲ್ಲಾದರೂ ಮಂಗ ಸತ್ತಿದೆಯೇ? ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಯಜಮಾನರು ತಲೆ ಎತ್ತಲಿಲ್ಲ. ಚಿಕ್ಕಮ್ಮ ಲೋಟಗಳನ್ನು ಎತ್ತಿಕೊಳ್ಳುತ್ತ, "ನಮ್ಮ ಕಡೆ ಎಂತದೂ ಇಲ್ಲ" ಎಂದರು. ಆಮೇಲೆ ಫೋನಿನ ಮೇಲೆ ಬಗ್ಗಿ, ತಮ್ಮ ಊರು ಯಾವುದೆಂದು ಕೇಳಿದರು. ಹುಡುಗಿ ಬೆರಳಿಟ್ಟು ತೋರಿಸಿದಳು.

"ಹಸ್ರು ಅಂದ್ರೆ?"

"ಹಸ್ರು ಅಂದ್ರೆ ಅಲ್ಲಿ ಮಂಗ ಸತ್ತಿಲ್ಲ ಅಂತ."

"ಅಂದ್ರೆ ಬೆಟ್ಟಕ್ಕೆ ಹೋಗ್ಬಹುದು."

"ಎಣ್ಣೆ ಹಚ್ಕೊಂಡು ಹೋಗಿ."

"ಅದ್ರ ನಾತಕ್ಕೆ ದನನೇ ಹತ್ರ ಸೇರ್ಸಲ್ಲ ಮಾರಾಯ್ತಿ."

ನಾವು ನಗುತ್ತಲೇ ಅಲ್ಲಿಂದ ಹೊರಟೆವು.

ಕೆಲವು ವಾರಗಳ ನಂತರ ಚಿಕ್ಕಮ್ಮನಿಗೆ ಜ್ವರ ಬಂತು. ಊರಿನ ಆಸ್ಪತ್ರೆಯಿಂದ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಮನೆಗೆ ಬಂದದ್ದು ಶವ. ರಕ್ತಪರೀಕ್ಷೆಯ ಫಲಿತಾಂಶ ನಾವು ಅಂದುಕೊಂಡದ್ದನ್ನೇ ಹೇಳಿತು.

ಹುಡುಗಿ ಹೋಗಿ ಬರಬೇಕೆಂದಳು. ಮತ್ತೆ ಬೈಕಿನಲ್ಲಿ ಕರೆದುಕೊಂಡು ಹೋದೆ. ಯಜಮಾನರು ಅದೇ ಜಗಲಿಯಲ್ಲಿ ಕೂತಿದ್ದರು. ಬೈಯಲಿಲ್ಲ. ಕೂರಲು ಹೇಳಿದರು. ತಾವಾಗಿಯೇ ಮಾತು ತೆಗೆದರು. ನಾವು ಮೊದಲ ಸಲ ಬರುವುದಕ್ಕೆ ಮುಂಚೆಯೇ ಬೆಟ್ಟದ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಊರಿನ ಗಂಡಸರು ಸೇರಿ ಅದಕ್ಕೆ ನೀರು ಹಾಕಿ, ಹೊಸ ಬಟ್ಟೆ ಹೊದಿಸಿ, ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು ಮಣ್ಣು ಮಾಡಿದ್ದರು. ಆಸ್ಪತ್ರೆಗೆ ಹೇಳಿದರೆ ಕೊಯ್ದು ನೋಡಿ ಸುಡುತ್ತಾರೆ. ಹನುಮಂತನ ಮೈಗೆ ಕತ್ತಿ ಹಾಕಿಸಿದ ಪಾಪ ಊರಿನ ಮೇಲೆ ಬರುತ್ತದೆ. ಅದಕ್ಕೇ ಹೇಳಿರಲಿಲ್ಲ.

"ಕ್ರಮಕ್ಕೆ ಸರಿಯಾಗಿ ಮಣ್ ಮಾಡಿದ್ವಲ್ಲ. ಮಾಡಿದ್ಮೇಲೆ ಮುಗೀತು. ಮತ್ತೆ ಸತ್ತಿದೆ ಅಂತ ಹ್ಯಾಂಗೆ ಹೇಳದು?" ಎಂದರು. ಹುಡುಗಿಯ ಕಡೆ ನೋಡದೆ ಹೇಳಿದರು: "ಈ ವರ್ಷ ಆ ಬದಿಗೆ ಹೋಗದು ಬೇಡ ಅಂದಿದ್ದೆ ನಾನು. ಕೇಳ್ಲಿಲ್ಲ ಅವ್ಳು. ಮೇಡಂ ಫೋನಲ್ಲೂ ಹಸ್ರೇ ಅದೆ ಅಂದ್ಲು."

ಆ ಜಾಗವನ್ನು ತೋರಿಸಲು ಯಾರೂ ಮುಂದೆ ಬರಲಿಲ್ಲ. ಯಜಮಾನರು ಅಂಗಳದ ತುದಿಯವರೆಗೆ ಬಂದು ಕೈ ಮಾಡಿ ತೋರಿಸಿದರು. ಆಕೆ ಕಾಲಿಗೆ, ಕುತ್ತಿಗೆಗೆ ಎಣ್ಣೆ ಹಚ್ಚಿಕೊಂಡು ಒಬ್ಬಳೇ ಹೋದಳು. ನಾವಿಬ್ಬರೂ ಕೆಳಗೆ ನಿಂತಿದ್ದೆವು. ಮರಗಳ ನಡುವೆ ನಿಂತು ಫೋನು ಒತ್ತಿದ್ದು ಕಂಡಿತು. ತಿರುಗಿ ಬಂದು ಬೈಕು ಹತ್ತಿದಳು. ಸಾಗರ ಹತ್ತಿರವಾದಾಗ ಹಿಂದಿನಿಂದ ಒಂದೇ ಮಾತು ಕೇಳಿಸಿತು.

"ಅವ್ರು ಇಲ್ಲ ಅಂದಿದ್ದಕ್ಕೆ ಹಸ್ರಾಗಿದ್ದಲ್ಲ ಅಂಕಲ್. ನಾನು ಕೇಳೋಕೂ ಮುಂಚೆನೇ ಹಸ್ರಿತ್ತು."

ಆ ವಾರವೇ ಹಸಿರನ್ನೆಲ್ಲ ತೆಗೆದು ಬೂದುಬಣ್ಣ ಹಾಕಿದಳು. ಬೂದು ಎಂದರೆ ಗೊತ್ತಿಲ್ಲ ಎಂದು ಅರ್ಥ. ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನದ ವರದಿಗೆ ನಾನೂ ಹೋಗಿದ್ದೆ. ಗೈಡ್ ಮೇಷ್ಟ್ರು ಆಕೆಯ ಮೇಜಿನ ಮುಂದೆ ನಿಂತು ತಗ್ಗಿದ ದನಿಯಲ್ಲೇ ಗದರುತ್ತಿದ್ದರು.

"ಏನಮ್ಮ ಇದು, ಬೂದಿ ಬಳಿದಂಗಿದೆ."

"ಅಲ್ಲೆಲ್ಲ ನಂಗೆ ಗೊತ್ತಿಲ್ಲ ಸರ್."

"ಗೊತ್ತಿಲ್ಲದ್ದನ್ನ ತೋರಿಸಕ್ಕೆ ಪ್ರಾಜೆಕ್ಟ್ ಯಾಕೆ? ಹಳೇದೇ ಹಾಕು. ಬಹುಮಾನಕ್ಕೆ ಹೋಗೋ ಕೆಲಸ, ಕೈಯಾರೆ ಹಾಳು ಮಾಡ್ಕೋಬೇಡ."

"ಒಬ್ರು ತೀರ್ಕೊಂಡಿದಾರೆ ಸರ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಪಕ್ಕದ ಮೇಜಿಗೆ ನಡೆದರು. ಕೆಟ್ಟ ಮನುಷ್ಯರೇನಲ್ಲ. ಅವರ ಕೈಕೆಳಗೆ ಇನ್ನೂ ಅನೇಕ ಪ್ರಾಜೆಕ್ಟುಗಳಿದ್ದವು, ಎಲ್ಲವನ್ನೂ ದಡ ಸೇರಿಸಬೇಕಿತ್ತು. ಮುಖ ನೋಡಿ ಹಾಜರಿ ಹಾಕುವ ಯಂತ್ರಕ್ಕೆ ಅಂದು ಬಹುಮಾನ ಬಂತು.

ಪ್ರಾಜೆಕ್ಟ್ ಅಲ್ಲಿಗೆ ಮುಗಿಯಬೇಕಿತ್ತು. ಅಂಕ ಬಂದಿತ್ತು, ಪರೀಕ್ಷೆ ಹತ್ತಿರವಿತ್ತು. ಆಕೆ ಮಾತ್ರ ನಕ್ಷೆಯಲ್ಲಿನ ಬೂದಿಯನ್ನು ಕಡಿಮೆ ಮಾಡಬೇಕೆಂದು ಹೊರಟಳು. ಭಾನುವಾರ ಬಂದರೆ ಒಮ್ಮೆ ಅರಳಸುರಳಿಯ ಬಸ್ಸು, ಒಮ್ಮೆ ಮೇಗರವಳ್ಳಿಯ ಬಸ್ಸು. ಒಂದು ಬದಲಾವಣೆ ಮಾಡಿಕೊಂಡಿದ್ದಳು. ಮಂಗ ಸತ್ತಿದೆಯೇ ಎಂದು ಕೇಳುವುದನ್ನು ಬಿಟ್ಟು, ಮಣ್ಣು ಮಾಡಿದ್ದೀರಾ ಎಂದು ಕೇಳುತ್ತಿದ್ದಳು. ಮೊದಲ ಪ್ರಶ್ನೆಗೆ ಇಲ್ಲ ಎಂದಿದ್ದ ಮನೆಗಳಲ್ಲೇ ಎರಡನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕಿತು. ಅದು ಅವರಿಗೆ ಮುಚ್ಚಿಡುವ ಸಂಗತಿಯಾಗಿರಲಿಲ್ಲ. ಧರ್ಮದಿಂದ ಮಾಡಿದ ಕೆಲಸ. ಅಂಥ ಒಂದೊಂದು ಜಾಗಕ್ಕೂ ಹೋಗಿ ನಿಂತು ಗುರುತು ಒತ್ತಿ ಬಂದಳು. ಮಗಳು ಮನೆಗೆ ಬಂದರೆ ವಾಸನೆ ತಡೆಯಲಾಗದೆಂದು ಆಕೆಯ ತಾಯಿ ನಮ್ಮವಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಹೊಸಿಲ ಹೊರಗೇ ಬಟ್ಟೆ ಬದಲಿಸುವಂತೆ ಮಾಡಿದ್ದರು.

ಜ್ವರ ಹತ್ತಿದ್ದು ಎಲ್ಲಿಂದ ಎಂದು ಯಾರಿಗೂ ಗೊತ್ತಿಲ್ಲ. ಎಣ್ಣೆ ಹಚ್ಚುತ್ತಿದ್ದಳು, ಅದನ್ನು ನಾನು ಕಂಡಿದ್ದೇನೆ. ಬೆವರಿಗೆ ಅದು ತೊಳೆದು ಹೋಗುತ್ತದೆ ಎನ್ನುತ್ತಾರೆ. ಮೊದಲ ಸಲದ ಜ್ವರ ಇಳಿಯಿತು. ಗೋಡೆಯ ಹತ್ತಿರ ಬಂದು, ಪರೀಕ್ಷೆ ಬರೆಯುತ್ತೇನೆ ಎಂದು ನನಗೆ ಹೇಳಿದಳು. ಈ ಕಾಯಿಲೆ ಕೆಲವರಲ್ಲಿ ಒಮ್ಮೆ ಇಳಿದು ಮತ್ತೆ ಏರುತ್ತದೆ. ಎರಡನೆಯ ಸಲ ತಲೆಗೆ ಏರಿತು. ಮಾತು ತೊದಲಿತು, ಆಮೇಲೆ ನಿಂತಿತು…

ಸಾವಿನ ಸುದ್ದಿಯನ್ನು ನಾನೇ ಬರೆದೆ. ಒಂದು ಕಾಲಂ, ಚಿತ್ರವಿಲ್ಲ. ಚಿತ್ರ ಕೇಳಲು ಪಕ್ಕದ ಮನೆಗೆ ಹೋಗಲಾಗಲಿಲ್ಲ. ಆಕೆಯ ನಕ್ಷೆ ಇನ್ನೂ ಕೆಲವು ಕಾಲ ಫೋನಿನಲ್ಲಿ ತೆರೆಯುತ್ತಿತ್ತು, ಬೂದಿ ಬಣ್ಣದ ಮೇಲೆ ಕೆಂಪು ಗುರುತುಗಳು. ನೋಡಿಕೊಳ್ಳುವವರಿಲ್ಲದೆ ಅದೂ ಒಂದು ದಿನ ನಿಂತುಹೋಯಿತು. ಟೈಲರ್ ಅವರು ಮನೆ ಬದಲಿಸಿದರು.

ಹೋದ ತಿಂಗಳ ಆ ಹಳ್ಳಿಯಲ್ಲಿ ಎಣ್ಣೆ ಹಂಚಿ ಮುಗಿದ ಮೇಲೆ ಆಶಾ ಕಾರ್ಯಕರ್ತೆ ಅಂಗಳದಲ್ಲಿ ಸೇರಿದ್ದವರನ್ನು ಕೇಳಿದರು: "ಈ ಕಡೆ ಎಲ್ಲಾದ್ರೂ ಮಂಗ ಸತ್ತಿದ್ಯಾ?"

"ಇಲ್ಲ" ಎಂದರು ಎಲ್ಲರೂ. ಕಾರ್ಯಕರ್ತೆ ಹೊರಡಲು ಚೀಲ ಹೆಗಲಿಗೇರಿಸಿದರು. ಇನ್ನೊಂದು ಪ್ರಶ್ನೆ ಇತ್ತು. ಅದನ್ನು ಕೇಳಬೇಕಾದವಳು ಇರಲಿಲ್ಲ. ನಾನು ಕೇಳಿದೆ.

"ಮಣ್ಣು ಮಾಡಿದೀರಾ?"

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯೊಬ್ಬರು, "ಹೋದ ಸೋಮಾರ. ಕಾಯಿ ಒಡ್ಸಿ, ಎಲ್ಲ ಕ್ರಮಕ್ಕೇ ಮಾಡಿದೀವಿ" ಎಂದರು.

ಎಲ್ಲಿ ಎಂದು ಕೇಳಿದೆ. ಬೆಟ್ಟದ ಕಡೆ ಕೈ ತೋರಿಸಿದರು. ಆ ದಾರಿಯಲ್ಲೇ ಇಬ್ಬರು ಹೆಂಗಸರು ತಲೆಯ ಮೇಲೆ ದರಕಿನ ಹೊರೆ ಹೊತ್ತು, ಬರಿಗಾಲಲ್ಲಿ, ಮಾತಾಡಿಕೊಂಡು ಇಳಿದು ಬರುತ್ತಿದ್ದರು.