ಹಾರ್ನಣ್ಣನ ಕುತ್ತಿಗೆ

ಆ ಗೋದಾಮಿನಲ್ಲಿ ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಹಾರ್ನಣ್ಣ. ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವವನು. ತಿರುವು ಬಂದರೆ ಪೀಂ, ಕಂಬ ಬಂದರೆ ಪೀಂ, ಹಿಂದಕ್ಕೆ ಹೋಗಬೇಕೆಂದರೆ ಪೀಂ ಪೀಂ ಪೀಂ. ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ ಪೀಂ. "ಮನೇಲಿ ಬಚ್ಚಲಿಗೆ ಹೋಗುವಾಗಲೂ ಹಾರ್ನ್ ಹೊಡೀತಾನಂತೆ" ಎಂದು ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ತಂಗಿ. ಅದೇ ಗೋದಾಮಿನ ಪ್ಯಾಕಿಂಗ್ ಸಾಲಿನಲ್ಲಿ ಅವಳ ಕೆಲಸ. ಈ ನಾದಿನಿಯ ನಾಲಿಗೆ ಅವಳ ಕೈಯಲ್ಲಿದ್ದ ಕತ್ತರಿಗಿಂತ ಹರಿತ. ಹಾರ್ನಣ್ಣ ಆ ಮಾತುಗಳನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಅಥವಾ ಹಾಕಿಕೊಳ್ಳದವನಂತೆ ಇರುತ್ತಿದ್ದ.

ಅವನ ಅಪ್ಪ ಹಮಾಲ. ಮೂಟೆ ಹೊತ್ತು ಹೊತ್ತು ಬೆನ್ನು ಬಾಗಿ, ಮಗನ ಮುಖ ನೋಡಬೇಕಾದರೂ ಕಷ್ಟಪಟ್ಟು ತಲೆ ಎತ್ತುತ್ತಿದ್ದ ಮನುಷ್ಯ. ಮಗನೂ ಇದೇ ಗೋದಾಮಿಗೆ, ಅದಿನ್ನೂ ತಗಡಿನ ಒಂದೇ ಶೆಡ್ಡಾಗಿದ್ದ ಕಾಲದಲ್ಲಿ, ಹೊರೆ ಹೊರುವುದಕ್ಕೆಂದೇ ಬಂದವನು. ಆಮೇಲೆ ಫೋರ್ಕ್‌ಲಿಫ್ಟ್ ಬಂತು, ಅದನ್ನು ಓಡಿಸುವುದನ್ನು ಕಲಿತ, ಸೀಟಿನ ಮೇಲೆ ಕೂತ. ಕೂತ ಮೊದಲ ವಾರ ಅವನ ಅಮ್ಮ ಗೇಟಿನವರೆಗೆ ಬಂದು, ಕಂಬಿಗಳ ನಡುವೆ ಮುಖವಿಟ್ಟು ನೋಡಿ ಹೋಗಿದ್ದಳು. "ನಮ್ಮ ವಂಶದಲ್ಲಿ ಕೂತ್ಕೊಂಡು ದುಡಿದೋನು ಇವನೊಬ್ಬನೇ" ಎಂದು ಸಾಯುವ ತನಕ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡಳು. ಸವೆದು ಸ್ಪಂಜು ಹೊರಬಂದಿದ್ದ ಆ ಕರಿ ಸೀಟಿನ ಬಗ್ಗೆ ಹಾರ್ನಣ್ಣನಿಗೆ ಎಂಥ ಮೋಹವಿತ್ತೆಂಬುದು ಇಷ್ಟರಿಂದ ತಿಳಿಯಬೇಕು.

ಆದರೆ ಕೂತು ದುಡಿಯುವುದಕ್ಕೂ ಮೈ ಬೆಲೆ ತೆರಬೇಕಾಗುತ್ತದೆ. ಫೋರ್ಕ್‌ಲಿಫ್ಟ್ ಅರ್ಧ ದಿನ ಮುಂದೆ ಹೋದರೆ ಅರ್ಧ ದಿನ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ಹೋಗುವಾಗ ಕತ್ತು ಹೊರಳಿಸಿ ಭುಜದ ಮೇಲಿಂದ ನೋಡಬೇಕು. ವರ್ಷಗಟ್ಟಲೆ ಹೊರಳಿಸಿದ ಕುತ್ತಿಗೆ ಮೊದಲು ಕಟಕಟ ಎಂದಿತು, ಆಮೇಲೆ ನೋಯಿತು, ಕೊನೆಗೆ ಎಡಕ್ಕೆ ತಿರುಗುವುದನ್ನೇ ಬಿಟ್ಟಿತು. ಎಡಭುಜದ ಆಚೆ ಏನಿದೆ ಎಂಬುದು ಅವನಿಗೆ ಕಾಣದಾಯಿತು. ಹೆಂಡತಿ ಬಿಸಿ ಬಟ್ಟೆಯ ಶಾಖ ಕೊಡುತ್ತಾ, "ಡಾಕ್ಟರಿಗೆ ತೋರಿಸ್ರೀ" ಎಂದು ಹೇಳಿ ಹೇಳಿ ಸಾಕಾದಳು.

"ತೋರಿಸಿದರೆ ಅವರು ಓಡಿಸಬೇಡ ಅಂತಾರೆ. ಆಫೀಸಿನವರು ಇಳಿ ಅಂತಾರೆ. ಸುಮ್ನಿರು" ಎಂದು ಅವನು ಅವಳ ಬಾಯಿ ಮುಚ್ಚಿಸಿದ.

ಹೀಗೆ ಕಣ್ಣು ಮಾಡಬೇಕಾದ ಕೆಲಸವನ್ನು ಹಾರ್ನಿಗೆ ಒಪ್ಪಿಸಿದ. ಮೊದಲೂ ಹೊಡೆಯುತ್ತಿದ್ದವನೇ, ಈಗ ಇನ್ನಷ್ಟು ಹೊಡೆದ. ಇದು ತಪ್ಪು, ಶುದ್ಧ ತಪ್ಪು. ಟನ್ನುಗಟ್ಟಲೆ ಕಬ್ಬಿಣವನ್ನು ಕಾಣದ ಕಡೆಗೆ ನುಗ್ಗಿಸುವುದನ್ನು ಯಾವ ದೇವರೂ ಕ್ಷಮಿಸಬಾರದು. ಆದರೆ ಆ ಅಮ್ಮ ಗೇಟಿನ ಕಂಬಿಗೆ ಮುಖವಿಟ್ಟು ನಿಂತಿದ್ದನ್ನು ನೆನೆದರೆ ಅವನ ಮೇಲೆ ಪೂರ್ತಿ ಸಿಟ್ಟೂ ಬರುವುದಿಲ್ಲ.

ಅಷ್ಟರಲ್ಲಿ ಗೋದಾಮು ಬೆಳೆದಿತ್ತು. ಒಂದು ಶೆಡ್ಡು ಮೂರಾಯಿತು, ನಡುವಿನ ಗೋಡೆಗಳು ಬಿದ್ದವು, ರ್‍ಯಾಕುಗಳು ಚಾವಣಿ ಮುಟ್ಟಿದವು, ವಾರಕ್ಕೊಮ್ಮೆ ಹೊಸ ಮುಖಗಳು ಬಂದವು. ನಡುವಿನ ಶೆಡ್ಡಿನಲ್ಲಿ ಒಬ್ಬನ ಪಾದದ ಮೇಲೆ ಚಕ್ರ ಹತ್ತಿತು. ಆಗ ಮಾಲೀಕರು ಎಚ್ಚೆತ್ತು, ಚಾವಣಿಯ ತುಂಬ ಕ್ಯಾಮೆರಾ ಹಾಕಿಸಿ, ಅವು ಕಂಡದ್ದನ್ನೆಲ್ಲ ಕೂಡಿ ಕಳೆದು ಹೇಳುವ ಒಂದು ಎಐ ಸಾಫ್ಟ್‌ವೇರ್ ತರಿಸಿದರು. ಅದನ್ನು ನೋಡಿಕೊಳ್ಳಲು ಒಬ್ಬ ಸೇಫ್ಟಿ ಮೇಡಂ ಬಂದರು. ಗೇಟಿನ ಬಳಿ ದೊಡ್ಡ ಪರದೆಯ ಮೇಲೆ ಗೋದಾಮಿನ ನಕ್ಷೆ. ಗಾಡಿಯೂ ಮನುಷ್ಯರೂ ತೀರ ಹತ್ತಿರ ಬರುವ ಜಾಗ ಕೆಂಪು, ಬಾರದ ಜಾಗ ಹಸಿರು.

ಕೆಲಸದವರು ಅದಕ್ಕೆ ಒಂದೇ ದಿನದಲ್ಲಿ ಅತ್ತೆ ಎಂದು ಹೆಸರಿಟ್ಟರು. ಮೇಲೆ ಕೂತು ಎಲ್ಲವನ್ನೂ ನೋಡುತ್ತಾಳೆ, ಮಾಡಿದ ತಪ್ಪು ಮರೆಯುವುದಿಲ್ಲ, ಒಂದು ದಿನವೂ ಭೇಷ್ ಎನ್ನುವುದಿಲ್ಲ. ಹಾಗೆಂದು ಅತ್ತೆಯನ್ನು ಪೂರ್ತಿ ಬೈಯುವಂತೆಯೂ ಇರಲಿಲ್ಲ. ನಡುವಿನ ಶೆಡ್ಡಿನಲ್ಲಿ ಜನ ನೀರು ಕುಡಿಯಲು ಅಡ್ಡದಾರಿ ಹಿಡಿದು ಗಾಡಿಗಳ ನಡುವೆ ನುಸುಳುತ್ತಾರೆಂದು ಅವಳೇ ತೋರಿಸಿಕೊಟ್ಟಳು. ಮೇಡಂ ಅಲ್ಲಿ ಕಟಕಟೆ ಹಾಕಿಸಿ, ನೀರಿನ ಡ್ರಮ್ಮನ್ನು ಈಚೆಗೆ ತರಿಸಿದರು. ಆಮೇಲೆ ಅಲ್ಲಿ ಯಾರ ಪಾದಕ್ಕೂ ಏನೂ ಆಗಲಿಲ್ಲ.

ಹಾರ್ನಣ್ಣ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡಿದ. ಇವತ್ತು ಸಿಕ್ಕಿಬೀಳುತ್ತೇನೆ, ನಾಳೆ ಸಿಕ್ಕಿಬೀಳುತ್ತೇನೆ ಎಂದುಕೊಂಡ. ನಡೆದದ್ದು ಬೇರೆ. ಪ್ಯಾಕಿಂಗ್ ಸಾಲಿನ ತುದಿಯ ತಿರುವಿನಲ್ಲಿ ಅವನೇ ದಿನವಿಡೀ ಹಿಂದಕ್ಕೆ ಬರುತ್ತಿದ್ದದ್ದು. ಆ ತಿರುವು ಇಡೀ ಗೋದಾಮಿನಲ್ಲೇ ಎಲ್ಲಕ್ಕಿಂತ ಹಸಿರಾಗಿ ಹೊಳೆಯಿತು. ಅತ್ತೆಯ ಪ್ರಕಾರ ಅವನಷ್ಟು ಜೋಪಾನದ ಚಾಲಕ ಮತ್ತೊಬ್ಬನಿಲ್ಲ. ಪರದೆಯ ಮೇಲೆ ಹಾಕಲು ಫೋಟೋ ತೆಗೆಯುವವನು ಬಂದು, "ಸ್ವಲ್ಪ ಎಡಕ್ಕೆ ತಿರುಗಿ" ಎಂದ. ಹಾರ್ನಣ್ಣ ಸೊಂಟದಿಂದ ಮೇಲಕ್ಕೆ ಇಡೀ ಮೈಯನ್ನೇ ತಿರುಗಿಸಿದ.

"ನೋಡ್ರೇ, ಮದುವೆ ಗಂಡಿನ ಬಿಗುಮಾನ!" ಎಂದು ನಾದಿನಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಹಾರ್ನಣ್ಣನಿಗೂ ಒಳಗೊಳಗೇ ಹೆಮ್ಮೆಯಾಯಿತು. ಕಣ್ಣಿಲ್ಲದಿದ್ದರೂ ಹಾರ್ನು ಸಾಕು, ಅತ್ತೆಯೇ ಒಪ್ಪಿದಳಲ್ಲ ಎಂದು ನಂಬಿಬಿಟ್ಟ.

ಹೊಸ ಪ್ಯಾಕಿಂಗ್ ಮೇಜುಗಳನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆ ಬಂದಾಗ ಎಲ್ಲ ಕೆಟ್ಟಿತು. ಎಲ್ಲಕ್ಕಿಂತ ಕ್ಷೇಮವಾದ ಜಾಗ ಯಾವುದೆಂದು ಮೇಡಂ ಸಾಫ್ಟ್‌ವೇರನ್ನು ಕೇಳಿದರು. ಅದು ಹಾರ್ನಣ್ಣನ ತಿರುವನ್ನು ತೋರಿಸಿತು. ಮೇಜುಗಳು ಅಲ್ಲಿಗೇ ಬಂದವು, ಗೋಡೆಬದಿಯ ನಡೆದಾಡುವ ದಾರಿಯ ಹಳದಿ ಗೆರೆಗೆ ಅಂಟಿಕೊಂಡಂತೆ. ಹೊಸಬರಿಗೆ ಕೆಲಸ ಕಲಿಸಲು ನಾದಿನಿಯನ್ನೂ ಅಲ್ಲಿಗೇ ಕಳಿಸಿದರು. ಮೇಜುಗಳು ಬಂದದ್ದು ತನಗೆ ಕಾಣದ ಎಡಗಡೆಗೇ ಎಂದು ಹಾರ್ನಣ್ಣನಿಗೆ ಗೊತ್ತಾಯಿತು. ಬೇಡ ಎನ್ನಬಹುದಿತ್ತು. ಯಾಕೆ ಬೇಡ ಎಂದು ಕೇಳಿದರೆ ಕುತ್ತಿಗೆಯ ಮಾತು ಬರುತ್ತದೆ, ಕುತ್ತಿಗೆಯ ಮಾತು ಬಂದರೆ ಸೀಟು ಹೋಗುತ್ತದೆ. ಅವನು ಬಾಯಿಗೆ ಬೀಗ ಹಾಕಿಕೊಂಡು, ಇನ್ನೂ ಜೋರಾಗಿ ಹಾರ್ನ್ ಹೊಡೆದರಾಯಿತು ಎಂದುಕೊಂಡ.

ಮಾರನೆಯ ದಿನವೇ, ಊಟಕ್ಕೆ ಮುಂಚೆ, ಪೀಂ ಪೀಂ ಎನ್ನುತ್ತಾ ತಿರುವಿನಲ್ಲಿ ಹಿಂದಕ್ಕೆ ಬಂದ. "ಭಾವಾ!" ಎಂಬ ಚೀರಾಟ ಕೇಳಿತು. ಬ್ರೇಕ್ ಒತ್ತಿದ. ಏನೋ ಪಟಕ್ಕೆಂದು ಮುರಿಯಿತು.

ಇಳಿದು ಬಂದು ನೋಡಿದರೆ, ಗಾಡಿಯ ಹಿಂಭಾಗಕ್ಕೂ ಮೇಜಿಗೂ ನಡುವೆ ಒಂದು ಗೇಣು ಜಾಗವಿತ್ತು. ಚಕ್ರದ ಕೆಳಗೆ, ಡಬ್ಬಕ್ಕೆ ಟೇಪು ಅಂಟಿಸುವ ಕೈಯಂತ್ರ ಪುಡಿಯಾಗಿತ್ತು. ಅದು ನಾದಿನಿಯ ಕೈಯಿಂದ ಬಿದ್ದದ್ದು. ಅದನ್ನು ಬಿಸಾಡಿ, ಆ ಕೈಯಲ್ಲೇ ಅವಳು ಅಂದು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದ್ದ ಹೆಂಗಸೊಬ್ಬಳ ತೋಳು ಹಿಡಿದು ಎಳೆದಿದ್ದಳು.

ಹೆದರಿದ ಮನುಷ್ಯ ಮೊದಲು ಬೈಯುತ್ತಾನೆ. ಹಾರ್ನಣ್ಣನೂ ಬೈದ. "ಅಷ್ಟು ಹಾರ್ನ್ ಹೊಡೀತಾ ಇದೀನಿ, ಕಿವಿ ಕೇಳಲ್ವಾ ನಿಮಗೆ?"

"ಅವಳಿಗೇನು ಗೊತ್ತು ಭಾವ?" ನಾದಿನಿಯ ದನಿ ಒಡೆಯಿತು. "ನೀವು ಪೀಂ ಅಂದ ತಕ್ಷಣ ಕೈಲಿರೋದು ಬಿಟ್ಟು ಹಳದಿ ಗೆರೆ ಆಚೆ ಹೋಗಿ ನಿಲ್ಲಬೇಕು ಅಂತ ನಮಗೆ ಗೊತ್ತು. ಇವತ್ತು ಬಂದೋಳಿಗೆ ಹೇಳೋಕೆ ನನಗಿನ್ನೂ ಪುರುಸೊತ್ತೇ ಆಗಿರಲಿಲ್ಲ."

"ಗೆರೆ ಆಚೆ ಯಾಕೆ ನಿಲ್ಲಬೇಕು?"

"ಯಾಕೆ ಅಂದ್ರೆ? ನಿಮ್ಮ ಕುತ್ತಿಗೆ ತಿರುಗಲ್ಲ ಅಂತ ಅಕ್ಕ ಅತ್ಕೊಂಡು ನನ್ನ ಹತ್ರ ಹೇಳಿದಳು. ನಾನು ನಮ್ಮ ಸಾಲಿನೋರಿಗೆ ಹೇಳಿದೆ. ಅವತ್ತಿಂದ ಎಲ್ಲರೂ ಆಚೆ ಹೋಗಿ ನಿಲ್ತಿದೀವಿ. ನಿಮಗೆ ಕಾಣಿಸ್ತಿರಲಿಲ್ಲ ಅಷ್ಟೇ."

ಹಾರ್ನಣ್ಣ ತನ್ನ ಜಾಣತನ ಎಂದುಕೊಂಡಿದ್ದು ಇವರ ಕರುಣೆಯಾಗಿತ್ತು. ಅತ್ತೆಗೆ ಕಣ್ಣಿತ್ತು, ಕಿವಿ ಇರಲಿಲ್ಲ. ಹಾರ್ನು ಅವಳಿಗೆ ಕೇಳಿಸಲಿಲ್ಲ. ಗಾಡಿ ಬಂದಾಗ ಒಬ್ಬರೂ ಹತ್ತಿರ ಸುಳಿಯದ ಜಾಗವನ್ನು ಮೇಲಿಂದ ನೋಡಿ ನೋಡಿ ಹಸಿರು ಬಳಿದಿದ್ದಳು. ಇವರು ಅವನ ಮಾನ ಕಾಪಾಡಲು ಹೋಗಿ, ಗೋದಾಮಿನ ಅತಿ ಅಪಾಯದ ಮೂಲೆಯನ್ನು ಅತಿ ಕ್ಷೇಮದ ಮೂಲೆ ಮಾಡಿಟ್ಟಿದ್ದರು.

"ಅತ್ತೆ ಒಂದು ಕೆಂಪು ಚುಕ್ಕೆ ಇಟ್ಟಿರ್ತಾಳೆ" ಎಂದು ನಾದಿನಿ ಕಣ್ಣೊರೆಸಿಕೊಂಡಳು. "ನಾನೇ ಗೆರೆ ಬಿಟ್ಟು ಗಾಡಿ ದಾರಿಗೆ ಬಂದೆ ಅಂತ ಮೇಡಂ ಹತ್ರ ಹೇಳ್ತೀನಿ. ನೀವು ಸುಮ್ನೆ ಹೋಗಿ ಕೂತ್ಕೊಳ್ಳಿ."

ಅವನು ಆ ಹೊಸ ಹೆಂಗಸಿನ ಕಡೆ ನೋಡಿದ. ಅವಳು ತನ್ನ ತೋಳನ್ನು ತಾನೇ ಹಿಡಿದುಕೊಂಡು, ಮುರಿದ ಟೇಪಿನ ಯಂತ್ರವನ್ನೇ ನೋಡುತ್ತಿದ್ದಳು. ಹಾರ್ನಣ್ಣ ಗಾಡಿಯ ಕೀಲಿ ಕಿತ್ತುಕೊಂಡು ಮೇಡಂ ಕೋಣೆಯ ಕಡೆ ನಡೆದ.

ಮೇಡಂ ಆಗಲೇ ಕೆಂಪು ಚುಕ್ಕೆ ನೋಡಿ ಹೊರಡಲು ಎದ್ದಿದ್ದರು. "ಮೇಡಂ, ಬಂದು ನನ್ನ ಎಡಗಡೆ ಹಿಂದೆ ನಿಂತ್ಕೊಳ್ಳಿ. ನನ್ನ ಕರೀರಿ" ಎಂದು ಕುರ್ಚಿಯಲ್ಲಿ ಕೂತ. ಅವರು ನಿಂತು ಕರೆದರು. ಹಾರ್ನಣ್ಣ ಹಲ್ಲುಕಚ್ಚಿ ಪ್ರಯತ್ನಪಟ್ಟ. ಕುತ್ತಿಗೆ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಕೊನೆಗೆ ಕುರ್ಚಿಯ ಸಮೇತ ತಿರುಗಿ, ಹೆಂಗಸರು ದಾರಿ ಬಿಡುತ್ತಿದ್ದುದನ್ನೂ ಸೇರಿಸಿ ಎಲ್ಲವನ್ನೂ ಹೇಳಿದ.

ಮೇಡಂ ಬೈಯಲಿಲ್ಲ. ತಮ್ಮ ಮೇಜಿನ ಪರದೆಯಲ್ಲಿ ಆ ತಿರುವಿನ ಮೇಲೆ ಬೆರಳಿಟ್ಟರು. "ನನ್ನದೂ ತಪ್ಪಿದೆ. ಹಸಿರಿದೆ ಅಂತ ಖುಷಿಪಟ್ಟೆ. ಯಾಕೆ ಹಸಿರಿದೆ ಅಂತ ಒಂದ್ಸಲ ಅಲ್ಲಿ ಬಂದು ನಿಂತು ನೋಡಲಿಲ್ಲ."

"ಸೀಟು ಹೋಗುತ್ತಾ ಮೇಡಂ?"

"ಹೋಗುತ್ತೆ. ನಿಮಗೆ ಸುಳ್ಳು ಹೇಳಲ್ಲ. ಆದರೆ ಕೆಲಸ ಹೋಗದ ಹಾಗೆ ನೋಡ್ಕೊಳ್ತೀನಿ."

ಕೀಲಿಯನ್ನು ಮೇಜಿನ ಮೇಲಿಟ್ಟ. ಕೈ ಅದನ್ನು ಬಿಡಲು ಸ್ವಲ್ಪ ತಡ ಮಾಡಿತು.

ಅವತ್ತು ಮನೆಗೆ ಬಂದು ಚಿಕ್ಕ ಮಗುವಿನಂತೆ ಅತ್ತ. "ಅಮ್ಮ ನೋಡೋಕೆ ಬಂದಿದ್ದ ಸೀಟು ಕಣೇ" ಎಂದ. ಹೆಂಡತಿ ಎಂದಿನಂತೆ ಬಿಸಿ ಬಟ್ಟೆ ಒತ್ತಿದಳು. "ಅವರು ನೋಡೋಕೆ ಬಂದಿದ್ದು ಸೀಟನ್ನಲ್ಲ, ನಿಮ್ಮನ್ನ" ಎಂದಳು.

ಮೇಡಂ ಮಾತು ಉಳಿಸಿಕೊಂಡರು. ಮೇಲಿನವರ ಜೊತೆ ಜಗಳವಾಡಿಯೇ ಉಳಿಸಿಕೊಂಡರು. ಹೊಸ ಮೇಜುಗಳು ತಿರುವಿನಿಂದ ಎದ್ದುಹೋದವು. ಚಾಲಕರನ್ನೆಲ್ಲ ಡಾಕ್ಟರಿಗೆ ತೋರಿಸಿದಾಗ, ಕುತ್ತಿಗೆ ಹಿಡಿದುಕೊಂಡಿದ್ದವನು ಹಾರ್ನಣ್ಣ ಒಬ್ಬನೇ ಅಲ್ಲ ಎಂದು ಬಯಲಾಯಿತು. ಹಿಂದೆ ಯಾರಾದರೂ ಇದ್ದರೆ ತಾನಾಗಿ ನಿಲ್ಲುವ ಗಾಡಿಗಳು ಬಂದವು. ಜನ ಕೈಯ ಕೆಲಸ ಬಿಟ್ಟು ಹಿಂದೆ ಸರಿಯುವ ಜಾಗವನ್ನೂ ಅಪಾಯದ ಜಾಗವೆಂದೇ ಎಣಿಸಲು ಅತ್ತೆಗೆ ಕಲಿಸಲಾಯಿತು. ಹಳೆಯ ಕ್ಯಾಮೆರಾ ತುಣುಕುಗಳನ್ನು ಮತ್ತೆ ತೋರಿಸಿದಾಗ, ಅದೇ ಹಸಿರು ತಿರುವನ್ನು ಅವಳು ಕೆಂಪು ಕೆಂಪಾಗಿ ತೋರಿಸಿದಳು. ಕುತ್ತಿಗೆಗೆ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಸ್ವಲ್ಪ ತಿರುಗೀತು, ಪೂರ್ತಿ ತಿರುಗಲಾರದು ಎಂದರು.

ಹಾರ್ನಣ್ಣನಿಗೆ ಕೊಟ್ಟ ಕೆಲಸ, ಹೊಸಬರಿಗೆ ಗೋದಾಮು ತೋರಿಸುವುದು. ಎಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಜೊತೆಗೆ ನಡೆದು ಕಲಿಸುವುದು. ಮೊದಲ ದಿನ, ಹೊಸಬರು ಬರುವ ಮುಂಚೆ, ದಾರಿಗಳನ್ನು ನೋಡಿಕೊಳ್ಳೋಣವೆಂದು ಒಬ್ಬನೇ ಹೊರಟ. ಕೈಯಲ್ಲಿ ಏನೂ ಇರಲಿಲ್ಲ. ಕಾಲು ಹಳೆಯ ತಿರುವಿಗೆ ಬಂದಾಗ ಮನಸ್ಸು ಎಲ್ಲಿತ್ತೋ, ಬಾಯಿಂದ ತಾನಾಗಿ "ಪೀಂ" ಎಂದು ಬಂದುಬಿಟ್ಟಿತು.

ಹಿಂದೆ ಎಡಗಡೆ ಸರಸರ ಸದ್ದಾಯಿತು. ಹಾರ್ನಣ್ಣ ನಿಂತು, ಕಾಲು ಸೊಂಟ ಭುಜ ಎಲ್ಲವನ್ನೂ ಒಟ್ಟಿಗೆ ತಿರುಗಿಸಿ ನೋಡಿದ. ಪ್ಯಾಕಿಂಗ್ ಸಾಲಿನ ಅಷ್ಟೂ ಹೆಂಗಸರು ಅರ್ಧ ಅಂಟಿಸಿದ ಡಬ್ಬಗಳನ್ನು ಮೇಜಿನ ಮೇಲೆ ಬಿಟ್ಟು, ಹಳದಿ ಗೆರೆಯ ಆಚೆ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದರು. ಇಷ್ಟು ಕಾಲ ತನ್ನ ಬೆನ್ನ ಹಿಂದೆ ನಡೆಯುತ್ತಿದ್ದದ್ದನ್ನು ಅವನು ಕಂಡದ್ದು ಅದೇ ಮೊದಲು.

"ಹೋಗಿ ಭಾವ, ದಾರಿ ಬಿಟ್ಟಿದೀವಿ" ಎಂದಳು ನಾದಿನಿ.

ಹಾರ್ನಣ್ಣನಿಗೆ ಹೆಜ್ಜೆ ಎತ್ತಲಾಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಅಲ್ಲೇ ನಿಂತ.